ಮನಸ್ಸಿಗೂ ಸಾಮು ಬೇಕು

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ಎಂದಮೇಲೆ ಬಯಲು ಕುಸ್ತಿ ಇರಲೇಬೇಕು. ಕಣದ ಸುತ್ತ ಜನ ಕಿಕ್ಕಿರಿದು ನಿಂತು, ಹಲಗೆ ಸದ್ದು ಏರುತ್ತಿರುವಾಗ ಒಬ್ಬ ಎಳೆಯ ಪೈಲ್ವಾನ ಒಳಗೆ ಬರುವುದನ್ನು ಗಮನವಿಟ್ಟು ನೋಡಿ. ಬಗ್ಗಿ ಕಣದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಒಂದು ಹಿಡಿ ಕೆಮ್ಮಣ್ಣು ತೆಗೆದು ಅಂಗೈಗೆ, ತೋಳಿಗೆ ಉಜ್ಜಿಕೊಳ್ಳುತ್ತಾನೆ. ಎರಡು ಬಾರಿ ಕುಪ್ಪಳಿಸಿ ತೊಡೆ ತಟ್ಟುತ್ತಾನೆ. ಆಮೇಲೆ ಎದುರಾಳಿಯ ಕೈಗೆ ಕೈ ತಾಗಿಸಿ, ಸೊಂಟ ಬಗ್ಗಿಸಿ, ಕಣ್ಣು ನೆಟ್ಟು ನಿಲ್ಲುತ್ತಾನೆ. ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಕು.

ನೋಡುವವರಿಗೆ ಇದು ಗರಡಿಯ ಸಂಪ್ರದಾಯ. ಕ್ರೀಡಾ ಮನೋವಿಜ್ಞಾನದ ಕಣ್ಣಿನಿಂದ ನೋಡಿದರೆ, ಆ ಅರ್ಧ ನಿಮಿಷದಲ್ಲಿ ಹುಡುಗ ತನ್ನ ಗಮನವನ್ನು ಜನರಿಂದ ಬಿಡಿಸಿ ಮಣ್ಣಿಗೆ, ಮಣ್ಣಿನಿಂದ ಮೈಗೆ, ಮೈಯಿಂದ ಎದುರಾಳಿಗೆ ತಂದು ನಿಲ್ಲಿಸಿದ್ದಾನೆ. ವಸ್ತಾದರು ತಲೆಮಾರುಗಳಿಂದ ಕಲಿಸುತ್ತ ಬಂದದ್ದನ್ನು ಸಂಶೋಧಕರು ಇತ್ತೀಚಿನ ದಶಕಗಳಲ್ಲಿ ಅಳತೆ ಮಾಡಿ ತೋರಿಸಿದ್ದಾರೆ.

‘ಅವನ ಗುಂಡಿಗೆ ಗಟ್ಟಿ’, ‘ಇವಳಿಗೆ ಧೈರ್ಯ ಸಾಲದು’ ಎಂದು ನಾವು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಅಭ್ಯಾಸದಲ್ಲಿ ಚೆನ್ನಾಗಿ ಆಡಿ ಪಂದ್ಯದಲ್ಲಿ ಕೈಚೆಲ್ಲುವ ಎಷ್ಟೋ ಮಕ್ಕಳು ಈ ತೀರ್ಪನ್ನು ನಂಬಿಯೇ ಮೈದಾನ ಬಿಡುತ್ತಾರೆ. ಆದರೆ ಎದೆಬಡಿತ ಏರುವುದನ್ನು ಯಾರೂ ತಡೆಯಲಾರರು. ಆ ಹೊತ್ತಿನಲ್ಲಿ ಗಮನವನ್ನು ಎಲ್ಲಿಡಬೇಕು ಎಂಬುದನ್ನು ಯಾರು ಬೇಕಾದರೂ ಕಲಿಯಬಹುದು. ಪಟ್ಟು ಕಲಿತಂತೆ ಇದನ್ನೂ ದಿನಾ ಕಲಿಯಬೇಕು. ಅದು ಹೇಗೆ ಕೆಲಸ ಮಾಡುತ್ತದೆ, ಮಕ್ಕಳು, ಕೋಚ್‌ಗಳು, ಕುಂದವಾಡ ಕೆರೆ ಸುತ್ತುವ ವಾಕಿಂಗ್ ಮಂದಿ ಅದನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಎದೆ ಹೊಡೆದುಕೊಳ್ಳುವುದು ಏಕೆ?

ಸವಾಲು ಎದುರಾದದ್ದು ಮೆದುಳಿಗೆ ಗೊತ್ತಾದ ಕೂಡಲೇ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಹೋಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಚುರುಕಾಗುತ್ತದೆ, ರಕ್ತ ಚರ್ಮ ಮತ್ತು ಹೊಟ್ಟೆಯ ಕಡೆಯಿಂದ ತೊಡೆ, ಬೆನ್ನು, ಭುಜದ ದೊಡ್ಡ ಸ್ನಾಯುಗಳತ್ತ ಹರಿಯುತ್ತದೆ. ಅಂಗೈ ತಣ್ಣಗಾಗುವುದು, ಹೊಟ್ಟೆ ಕಲಸಿದಂತಾಗುವುದು, ಬಾಯಿ ಒಣಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಎಲ್ಲವೂ ಈ ಸಿದ್ಧತೆಯ ಲಕ್ಷಣಗಳೇ. ಮೈ ಹೋರಾಟಕ್ಕೆ ಅಣಿಯಾಗುತ್ತಿದೆ ಎಂದರ್ಥ.

ಈ ಕಾವು ಎಷ್ಟಿರಬೇಕು? 1908ರಲ್ಲಿ ಅಮೆರಿಕದ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಹೊರಟ ಒಂದು ತತ್ವ ಇಂದಿಗೂ ಬಳಕೆಯಲ್ಲಿದೆ. ಕಾವು ತೀರಾ ಕಡಿಮೆಯಾದರೆ ಆಟ ಸಪ್ಪೆ, ತೀರಾ ಹೆಚ್ಚಾದರೆ ಆಟ ಕೆಡುತ್ತದೆ. ನಡುವೆ ಎಲ್ಲೋ ಒಂದು ಹದವಿದೆ. ಕೆಲಸ ಎಷ್ಟು ಸೂಕ್ಷ್ಮವೋ ಬೇಕಾದ ಕಾವು ಅಷ್ಟು ಕಡಿಮೆ. ಭಾರ ಎತ್ತುವವರಿಗೂ ಕುಸ್ತಿ ಆಡುವವರಿಗೂ ಹೆಚ್ಚಿನ ಕಾವು ನಡೆಯುತ್ತದೆ. ಕೇರಂ, ಶೂಟಿಂಗ್, ಬ್ಯಾಡ್ಮಿಂಟನ್ ಸರ್ವೀಸ್‌ಗೆ ಅದು ಮಾರಕ. ಒಬ್ಬೊಬ್ಬರ ಹದ ಒಂದೊಂದು. ತಂಡದ ಎಲ್ಲರನ್ನೂ ಗುಂಪಾಗಿ ನಿಲ್ಲಿಸಿ ಕೂಗಾಡಿ ಹುರಿದುಂಬಿಸುವ ಕೋಚ್, ಅವರಲ್ಲಿ ಅರ್ಧ ಮಂದಿಗೆ ಉಪಕಾರ ಮಾಡಿ ಉಳಿದವರನ್ನು ಹದ ಮೀರಿಸಿಬಿಡಬಹುದು.

ಕಾವು ಏರಿದಾಗ ನಾವು ಸಾಮಾನ್ಯವಾಗಿ ಕೊಡುವ ಸಲಹೆ ‘ಟೆನ್ಷನ್ ಮಾಡ್ಕೋಬೇಡ, ಸಮಾಧಾನ ಮಾಡ್ಕೊ’ ಎಂಬುದು. ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಕೆಲಸ ಕೊಟ್ಟಿದ್ದರು. ತಮ್ಮನ್ನು ಸುಮ್ಮನಾಗಿಸಲು ಹೊರಟವರಿಗಿಂತ, ‘ನನಗೆ ಹುರುಪು ಬಂದಿದೆ’ ಎಂದು ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಕಾರಣ ಸರಳ. ಹೆದರಿಕೆಯಲ್ಲೂ ಹುರುಪಿನಲ್ಲೂ ಎದೆಬಡಿತ ಒಂದೇ; ಹೆಸರು ಬದಲಿಸುವುದು ಸುಲಭ, ಬಡಿತವನ್ನೇ ಇಳಿಸುವುದು ಕಷ್ಟ. ‘ನಿನ್ನ ಮೈ ರೆಡಿ ಆಗ್ತಿದೆ, ಒಳ್ಳೇದು’ ಎಂದರೆ ಮಗುವಿಗೆ ಹೇಳಿದ್ದು ಸತ್ಯವೇ ಆಗಿರುತ್ತದೆ.

ಕಾವು ನಿಜವಾಗಿಯೂ ಮಿತಿ ಮೀರಿದ್ದರೆ ಉಸಿರಿನ ದಾರಿ ಹಿಡಿಯಬೇಕು. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಉಸಿರು ಹೊರಗೆ ಹೋಗುವಾಗ ವೇಗಸ್ ನರದ ಮೂಲಕ ಹೃದಯದ ಬಡಿತ ತುಸು ಇಳಿಯುತ್ತದೆ. ಹೊರಬಿಡುವ ಹೊತ್ತನ್ನು ಉದ್ದ ಮಾಡಿದಷ್ಟೂ ಆ ಪರಿಣಾಮ ಹೆಚ್ಚು. ಆರೇಳು ಉಸಿರು ಸಾಕು. ಇದನ್ನು ಪಂದ್ಯದ ದಿನ ಮೊದಲ ಸಲ ಮಾಡಿದರೆ ಉಪಯೋಗವಿಲ್ಲ. ದಿನಾ ಅಭ್ಯಾಸ ಮುಗಿದಮೇಲೆ ಮಾಡಿ ರೂಢಿಯಾಗಿರಬೇಕು.

ಬಲ್ಲ ಕೈ ತಪ್ಪುವುದು ಹೇಗೆ?

ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಮೊಣಕಾಲು ಎಷ್ಟು ಬಗ್ಗಿತು, ಹಿಮ್ಮಡಿ ಎಲ್ಲಿ ಊರಿತು ಎಂದು ಯೋಚಿಸಿದರೆ ಎಡವುವುದು ಖಂಡಿತ. ವರ್ಷಗಟ್ಟಲೆ ಕಲಿತ ಆಟದಲ್ಲೂ ಹೀಗೇ. ಚೆನ್ನಾಗಿ ರೂಢಿಯಾದ ಚಲನೆ ತನ್ನಷ್ಟಕ್ಕೆ ನಡೆಯುತ್ತದೆ. ಪಂದ್ಯದ ಒತ್ತಡದಲ್ಲಿ ‘ತಪ್ಪಬಾರದು’ ಎಂಬ ಭಯ ಹುಟ್ಟಿದಾಗ ಆಟಗಾರ ತನ್ನ ಕೈಕಾಲನ್ನೇ ಕಾವಲು ಕಾಯತೊಡಗುತ್ತಾನೆ. ಆಗ ಸಲೀಸಾಗಿ ಸಾಗುತ್ತಿದ್ದ ಚಲನೆ ತುಂಡು ತುಂಡಾಗುತ್ತದೆ.

ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಫುಟ್‌ಬಾಲ್ ಆಟಗಾರರಲ್ಲಿ ಪರೀಕ್ಷಿಸಿದರು. ಚೆಂಡನ್ನು ಕಾಲಿನಲ್ಲಿ ಉರುಳಿಸುತ್ತ ಕೋನ್‌ಗಳ ನಡುವೆ ಸಾಗುವಾಗ, ಚೆಂಡಿಗೆ ಪಾದದ ಯಾವ ಬದಿ ತಾಗುತ್ತಿದೆ ಎಂದು ಗಮನಿಸುವಂತೆ ಹೇಳಿದರು. ನುರಿತವರು ತಮ್ಮ ಪಳಗಿದ ಕಾಲಿನಲ್ಲಿ ಆಡುವಾಗ ನಿಧಾನವಾದರು. ಹೊಸಬರಿಗೆ ಅದೇ ಸೂಚನೆ ನೆರವಾಯಿತು. ಕೋಚ್‌ಗಳಿಗೆ ಇದರಲ್ಲಿ ಸ್ಪಷ್ಟ ಪಾಠವಿದೆ. ಹೊಸದಾಗಿ ಕಲಿಯುವವರಿಗೆ ಮಣಿಕಟ್ಟು, ಮೊಣಕೈ, ಪಾದ ಎಂದು ಬಿಡಿಸಿ ಹೇಳಬೇಕು. ಪಳಗಿದವರಿಗೆ ಪಂದ್ಯದ ಹಿಂದಿನ ದಿನ ಹಾಗೆ ಹೇಳಬಾರದು.

ಪಳಗಿದವರ ಗಮನ ಎಲ್ಲಿರಬೇಕು? ಗೇಬ್ರಿಯಲ್ ವುಲ್ಫ್ ಅವರ ಸಂಶೋಧನೆಗಳು 1998ರಿಂದ ಒಂದೇ ದಿಕ್ಕು ತೋರಿಸುತ್ತಿವೆ: ತನ್ನ ಮೈಯಿಂದ ಹೊರಗೆ, ತನ್ನ ಚಲನೆಯ ಪರಿಣಾಮ ಕಾಣುವ ಜಾಗದಲ್ಲಿ. ಬೌಲರ್‌ಗೆ ‘ಮಣಿಕಟ್ಟು ನೇರ ಇಟ್ಕೊ’ ಎನ್ನುವ ಬದಲು ‘ಸ್ಟಂಪಿನ ಬುಡ ನೋಡು’ ಎನ್ನಬೇಕು. ಕಬಡ್ಡಿ ರೈಡರ್‌ಗೆ ‘ಕಾಲು ಚಾಚು’ ಎನ್ನುವುದಕ್ಕಿಂತ ‘ಬೋನಸ್ ಗೆರೆ ದಾಟು’ ಎನ್ನುವುದು ಮೇಲು. ಉದ್ದ ಜಿಗಿತದವರಿಗೆ ‘ಮೊಣಕಾಲು ಎತ್ತು’ ಎಂಬುದಕ್ಕಿಂತ ‘ಆ ಗುರುತಿನಾಚೆ ಇಳಿ’ ಎಂಬುದು ಹೆಚ್ಚು ಕೆಲಸ ಮಾಡುತ್ತದೆ.

ನಿಮ್ಮದೇ ಒಂದು ಕ್ರಮ

ಪೈಲ್ವಾನನ ಅರ್ಧ ನಿಮಿಷ ಇಲ್ಲಿ ಸೂತ್ರವಾಗಿ ಒದಗುತ್ತದೆ. ಚೆಂಡು ಎಸೆಯುವ, ಸರ್ವೀಸ್ ಮಾಡುವ, ಫ್ರೀ ಥ್ರೋ ಹಾಕುವ, ಓಟದ ಗೆರೆಯಲ್ಲಿ ನಿಲ್ಲುವ ಮುಂಚಿನ ಕ್ಷಣಗಳು ಖಾಲಿ ಇದ್ದರೆ ಅಲ್ಲಿಗೆ ‘ಸೋತರೆ ಏನಂತಾರೋ’ ಎಂಬ ಯೋಚನೆ ಬಂದು ಕೂರುತ್ತದೆ. ಪ್ರತಿಸಲ ಅದೇ ಅನುಕ್ರಮದಲ್ಲಿ ಮಾಡುವ ಸಣ್ಣ ಕೆಲಸಗಳು ಆ ಖಾಲಿ ಜಾಗವನ್ನು ತುಂಬುತ್ತವೆ. ನಾಲ್ಕು ಹಂತ ಸಾಕು.

ಮೊದಲನೆಯದು ಮೈ: ಭುಜ ಸಡಿಲಿಸುವುದು, ಚೆಂಡನ್ನು ಪ್ಯಾಂಟಿಗೆ ಉಜ್ಜುವುದು, ತೊಡೆ ತಟ್ಟುವುದು, ಯಾವುದಾದರೂ ಸರಿ. ಎರಡನೆಯದು ಉಸಿರು: ಉದ್ದವಾಗಿ ಒಮ್ಮೆ ಹೊರಕ್ಕೆ. ಮೂರನೆಯದು ಕಣ್ಣು: ಗುರಿಯ ಮೇಲೆ ಒಂದು ಗಟ್ಟಿ ನೋಟ. ನಾಲ್ಕನೆಯದು ಒಂದು ಮಾತು, ಮನಸ್ಸಿನಲ್ಲೇ. ಅದಾದಮೇಲೆ ಯೋಚನೆಗೆ ಎಡೆ ಕೊಡದೆ ಆಟಕ್ಕೆ ಇಳಿಯಬೇಕು.

ಆ ಮಾತು ಯಾವುದಿರಬೇಕು? ತನ್ನೊಳಗೆ ತಾನೇ ಆಡಿಕೊಳ್ಳುವ ಮಾತಿನ ಬಗ್ಗೆ ನಡೆದ ಹಲವಾರು ಅಧ್ಯಯನಗಳನ್ನು ಗ್ರೀಸಿನ ಸಂಶೋಧಕರು 2011ರಲ್ಲಿ ಒಟ್ಟುಗೂಡಿಸಿ ನೋಡಿದರು. ಇಂಥ ಮಾತು ಆಟವನ್ನು ಸುಧಾರಿಸುತ್ತದೆ ಎಂಬುದು ಒಟ್ಟಾರೆ ಫಲಿತಾಂಶ. ಸೂಕ್ಷ್ಮ ಕೌಶಲಕ್ಕೆ ಏನು ಮಾಡಬೇಕೆಂದು ಸೂಚಿಸುವ ಮಾತು ಹೆಚ್ಚು ಒದಗುತ್ತದೆ: ‘ಬುಡಕ್ಕೆ’, ‘ನೇರ’, ‘ಕೆಳಗೆ’. ಶಕ್ತಿ, ದಮ್ಮು ಬೇಡುವ ಆಟಕ್ಕೆ ಹುರಿದುಂಬಿಸುವ ಮಾತೂ ಚೆನ್ನಾಗಿ ಹೊಂದುತ್ತದೆ: ‘ಮುನ್ನುಗ್ಗು’, ‘ಇನ್ನೊಂದು’, ‘ಒತ್ತು’. ಮಾಡಬಾರದ್ದನ್ನು ಹೇಳಿಕೊಳ್ಳಬೇಡಿ. ‘ನೋಬಾಲ್ ಹಾಕಬಾರದು’ ಎಂದುಕೊಂಡ ತಕ್ಷಣ ಮನಸ್ಸಿನಲ್ಲಿ ಮೂಡುವುದು ನೋಬಾಲೇ.

ಈ ಕ್ರಮಕ್ಕೂ ಮೂಢನಂಬಿಕೆಗೂ ವ್ಯತ್ಯಾಸವಿದೆ. ಇದೇ ಜೆರ್ಸಿ ಬೇಕು, ಇದೇ ಬಾಗಿಲಿನಿಂದ ಹೋಗಬೇಕು ಎಂದು ಕಟ್ಟುಬಿದ್ದವರು, ಆ ವಸ್ತು ಸಿಗದ ದಿನ ಆಡುವ ಮುಂಚೆಯೇ ಕುಸಿಯುತ್ತಾರೆ. ನಿಮ್ಮ ಉಸಿರು, ಕಣ್ಣು, ಮಾತು ಎಲ್ಲಿಗೆ ಹೋದರೂ ನಿಮ್ಮ ಜೊತೆ ಇರುತ್ತವೆ. ಹನುಮಂತನ ಪಟಕ್ಕೆ ಕೈಮುಗಿದು ಅಖಾಡಕ್ಕೆ ಇಳಿಯುವ ಗರಡಿಯ ಪದ್ಧತಿ ಅನೇಕರಿಗೆ ಇಂಥದೇ ನೆಲೆ ಕೊಡುತ್ತದೆ. ಕಣ್ಣು ಮುಚ್ಚಿ ನೆನೆದರೂ ಸಾಕೆಂಬುದು ಅದರ ಬಲ.

ಇದರ ಜೊತೆಗೆ, ರಾತ್ರಿ ಮಲಗುವ ಮುಂಚೆ ಐದು ನಿಮಿಷ ಮನಸ್ಸಿನಲ್ಲೇ ಆಡುವ ಅಭ್ಯಾಸವೂ ಇರಲಿ. ಗೆದ್ದು ಮೆರವಣಿಗೆ ಹೊರಟ ಚಿತ್ರ ಬೇಡ. ನಾಳೆ ಎದುರಾಗುವ ಒಂದು ಪಟ್ಟನ್ನು, ಅದು ನಡೆಯುವ ವೇಗದಲ್ಲೇ, ತನ್ನ ಕಣ್ಣಿನಿಂದ ಕಾಣುವಂತೆ, ಮಣ್ಣಿನ ವಾಸನೆ, ಜನರ ಗದ್ದಲ ಸಮೇತ ಕಲ್ಪಿಸಿಕೊಳ್ಳಬೇಕು. ನಡುವೆ ಒಂದು ತಪ್ಪು ಸೇರಿಸಿ, ಅದರಿಂದ ಎದ್ದು ಬರುವುದನ್ನೂ ಕಲ್ಪಿಸಿಕೊಳ್ಳಿ. ಮೈಯ ಅಭ್ಯಾಸಕ್ಕೆ ಇದು ಬದಲಿಯಾಗದು. ಅದಕ್ಕೆ ಸೇರಿಸಿದರೆ ಫಲ ಹೆಚ್ಚು.

ದಾವಣಗೆರೆ ಎಕ್ಸ್‌ಪ್ರೆಸ್ ಮತ್ತು 102 ರನ್

ಸೋಲಿನಿಂದ ಏಳುವ ಮಾತು ಬಂದರೆ ಈ ಊರಿಗೆ ತನ್ನದೇ ಉದಾಹರಣೆಯಿದೆ. 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದವರು. ಬೆಂಕಿಯಂಥ ವೇಗ ಅವರ ಬಂಡವಾಳವಾಗಿರಲಿಲ್ಲ. ಸ್ವಿಂಗ್, ನಿಖರತೆ, ಬಿಡದ ದುಡಿಮೆ ಅವರ ಬಲ. 2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರು 9 ಓವರುಗಳಲ್ಲಿ 102 ರನ್ ಕೊಟ್ಟರು. ಏಕದಿನ ಪಂದ್ಯವೊಂದರಲ್ಲಿ ಭಾರತದ ಬೌಲರ್ ಒಬ್ಬರು ನೂರು ರನ್ ದಾಟಿಸಿದ್ದು ಅದೇ ಮೊದಲು. ರೋಹಿತ್ ಶರ್ಮಾ 209 ಹೊಡೆದ ಆ ಪಂದ್ಯವನ್ನು ಭಾರತ ಗೆದ್ದಿತು. ಆದರೆ ಭಾರತದ ಪರ ವಿನಯ್ ಆಡಿದ ಕೊನೆಯ ಪಂದ್ಯವೂ ಅದೇ ಆಯಿತು.

ಮೂರು ತಿಂಗಳು ತುಂಬುವ ಹೊತ್ತಿಗೆ, 2014ರ ಫೆಬ್ರುವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಎತ್ತಿತು. ಹದಿನೈದು ವರ್ಷಗಳ ಬಳಿಕ ಬಂದ ಆ ಗೆಲುವಿನ ನಾಯಕ ವಿನಯ್ ಕುಮಾರ್. ಮರುವರ್ಷ ಮುಂಬೈನಲ್ಲಿ ತಮಿಳುನಾಡು ಎದುರು ನಡೆದ ಫೈನಲ್‌ನಲ್ಲಿ 34 ರನ್ನಿಗೆ 5 ವಿಕೆಟ್ ಕಿತ್ತು, ಬ್ಯಾಟಿಂಗ್‌ನಲ್ಲಿ ಅಜೇಯ 105 ರನ್ ಹೊಡೆದು ಟ್ರೋಫಿಯನ್ನು ಉಳಿಸಿಕೊಂಡರು. 2021ರ ಫೆಬ್ರುವರಿಯಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ವಿಕೆಟ್‌ಗಳ ಸಂಖ್ಯೆ 504.

ಅವರ ಮನಸ್ಸಿನೊಳಗೆ ಏನು ನಡೆಯಿತೆಂದು ಹೊರಗಿನಿಂದ ಹೇಳುವುದು ಸಲ್ಲದು. ಮನೋವಿಜ್ಞಾನ ಹೇಳುವುದು ಇಷ್ಟು: ಸೋಲಿಗೆ ನಾವು ಕೊಟ್ಟುಕೊಳ್ಳುವ ಕಾರಣ ಮುಂದಿನ ಆಟದ ಮೇಲೆ ಪ್ರಭಾವ ಬೀರುತ್ತದೆ. ‘ನಾನು ಕೆಲಸಕ್ಕೆ ಬಾರದವನು’ ಎಂಬುದು ಬದಲಾಗದ ಕಾರಣ. ಅದನ್ನು ಒಪ್ಪಿಕೊಂಡವರು ಅಭ್ಯಾಸಕ್ಕೆ ಏಕೆ ಬರಬೇಕು? ‘ಇಂದು ಯಾರ್ಕರ್ ಬೀಳಲಿಲ್ಲ, ನಿಧಾನಗತಿಯ ಚೆಂಡು ಬಳಸಲಿಲ್ಲ’ ಎಂಬುದು ಬದಲಾಯಿಸಬಹುದಾದ ಕಾರಣ. ಆ ಪಂದ್ಯದಲ್ಲಿ ಎರಡೂ ತಂಡ ಸೇರಿ 38 ಸಿಕ್ಸರ್ ಬಾರಿಸಿದ್ದವು ಎಂಬ ಸಂದರ್ಭವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ದಿನದ ಅಂಕಿ ಆ ದಿನದ್ದು. ಆಟಗಾರನ ಬೆಲೆ ಅದರಿಂದ ನಿರ್ಧಾರವಾಗದು.

ಮಕ್ಕಳಿಗೆ ಇದನ್ನು ಕಲಿಸಲು ಒಂದು ನೋಟ್‌ಬುಕ್ ಸಾಕು. ಪಂದ್ಯದ ಮರುದಿನ ಮೂರು ಸಾಲು ಬರೆಯಲಿ: ಏನು ಚೆನ್ನಾಯಿತು, ಏನು ತಪ್ಪಿತು, ಈ ವಾರ ಅದಕ್ಕೆ ಯಾವ ಅಭ್ಯಾಸ. ಮೂರನೆಯ ಸಾಲು ಬರೆಯದೆ ಪುಸ್ತಕ ಮುಚ್ಚಬಾರದು ಎಂಬುದು ನಿಯಮ.

ಗುರಿಗಳನ್ನೂ ಹೀಗೇ ವಿಂಗಡಿಸಿ ಕೊಡಬೇಕು. ‘ಜಿಲ್ಲಾ ಮಟ್ಟದಲ್ಲಿ ಗೆಲ್ಲಬೇಕು’ ಎಂಬುದು ಫಲಿತಾಂಶದ ಗುರಿ. ಅದು ಎದುರಾಳಿಯ ಕೈಯಲ್ಲೂ ಇದೆ. ‘100 ಮೀಟರನ್ನು ನನ್ನ ಹಿಂದಿನ ವೇಳೆಗಿಂತ ಬೇಗ ಮುಗಿಸಬೇಕು’ ಎಂಬುದು ಸಾಧನೆಯ ಗುರಿ. ‘ಮೊದಲ ಹತ್ತು ಹೆಜ್ಜೆ ತಲೆ ತಗ್ಗಿಸಿಯೇ ಓಡಬೇಕು’ ಎಂಬುದು ವಿಧಾನದ ಗುರಿ. ಮೂರೂ ಇರಲಿ, ಆದರೆ ಪಂದ್ಯದ ದಿನ ಮನಸ್ಸಿನಲ್ಲಿ ಉಳಿಯಬೇಕಾದದ್ದು ಕೊನೆಯದು.

ಜನರ ಎದುರು, ಅಪ್ಪ ಅಮ್ಮನ ಎದುರು

1898ರಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬ ಅಮೆರಿಕದ ಸಂಶೋಧಕ, ಸೈಕಲ್ ಸವಾರರು ಒಬ್ಬರೇ ತುಳಿಯುವಾಗಿನದಕ್ಕಿಂತ ಜೊತೆಯವರಿದ್ದಾಗ ವೇಗವಾಗಿ ತುಳಿಯುತ್ತಾರೆಂದು ತೋರಿಸಿದರು. ಕ್ರೀಡಾ ಮನೋವಿಜ್ಞಾನದ ಚರಿತ್ರೆಯನ್ನು ಬಹಳ ಮಂದಿ ಶುರುಮಾಡುವುದೇ ಅಲ್ಲಿಂದ. 1965ರಲ್ಲಿ ರಾಬರ್ಟ್ ಝಯಾಂಕ್ ಇದಕ್ಕೆ ಮುಖ್ಯವಾದ ತಿದ್ದುಪಡಿ ಸೇರಿಸಿದರು. ಇತರರ ಇರುವಿಕೆ, ನಮ್ಮಲ್ಲಿ ಯಾವ ರೂಢಿ ಗಟ್ಟಿಯಾಗಿದೆಯೋ ಅದನ್ನೇ ಹೊರಗೆ ತರುತ್ತದೆ. ಪಳಗಿದವರಿಂದ ಸರಿಯಾದ ಆಟ, ಕಲಿಯುವವರಿಂದ ತಪ್ಪಾದ ಆಟ.

ಆದ್ದರಿಂದ ಹೊಸ ಪಟ್ಟು ಕಲಿಸುವ ದಿನಗಳಲ್ಲಿ ಮೈದಾನ ಶಾಂತವಾಗಿರಲಿ. ಪಟ್ಟು ಕೂತಮೇಲೆ ಬೇಕೆಂದೇ ಗದ್ದಲ ಸೇರಿಸಬೇಕು: ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲೋ ಹರಿಹರದ ಗಾಂಧಿ ಮೈದಾನದಲ್ಲೋ ಹಿರಿಯರ ತಂಡವನ್ನು ಸುತ್ತ ನಿಲ್ಲಿಸಿ ಕೂಗಿಸಿ, ಸ್ಕೋರ್ ಬೋರ್ಡ್ ಇಟ್ಟು, ಕೊನೆಯ ಎರಡು ನಿಮಿಷದ ಆಟವನ್ನಷ್ಟೇ ಮತ್ತೆ ಮತ್ತೆ ಆಡಿಸಿ. ಒತ್ತಡವನ್ನು ಮೊದಲೇ ರುಚಿ ನೋಡಿದವರಿಗೆ ಪಂದ್ಯದ ದಿನದ ಒತ್ತಡ ಹೊಸದಾಗಿರುವುದಿಲ್ಲ.

ಮಕ್ಕಳು ಆಟ ಬಿಡುವುದಕ್ಕೆ ದೊಡ್ಡವರ ಮಾತೂ ಕಾರಣವಾಗಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಮತ್ತು ಸಂಗಡಿಗರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಚಿಕ್ಕ ತರಬೇತಿ ಕೊಟ್ಟರು. ಪ್ರಯತ್ನವನ್ನು ಮೆಚ್ಚಿ, ತಪ್ಪಾದಾಗ ಬೈಯದೆ ಮೊದಲು ಧೈರ್ಯ ಹೇಳಿ, ಆಮೇಲೆ ತಿದ್ದುವ ದಾರಿ ತೋರಿಸಿ ಎಂಬುದಷ್ಟೇ ಅದರ ಸಾರ. 1992ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿ ಪಡೆಯದ ಕೋಚ್‌ಗಳ ಬಳಿ ಆಡಿದ ಮಕ್ಕಳಲ್ಲಿ ಶೇ 26 ಮಂದಿ ಮರುವರ್ಷ ಆಟಕ್ಕೆ ಬರಲಿಲ್ಲ. ತರಬೇತಿ ಪಡೆದವರ ಬಳಿ ಆಡಿದವರಲ್ಲಿ ಹಾಗೆ ಬಿಟ್ಟವರು ಶೇ 5 ಮಾತ್ರ. ಸೋಲು ಗೆಲುವು ಇದಕ್ಕೆ ಕಾರಣವಾಗಿರಲಿಲ್ಲ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತ ಇದರ ಒಳಗುಟ್ಟನ್ನು ಹೇಳುತ್ತದೆ. ಯಾರೇ ಆಗಲಿ ಒಂದು ಕೆಲಸದಲ್ಲಿ ಮನಸಾರೆ ಉಳಿಯಬೇಕಾದರೆ ಮೂರು ಬೇಕು: ಇದು ನಾನೇ ಆರಿಸಿಕೊಂಡದ್ದು ಎಂಬ ಭಾವ, ನನಗೆ ಇದು ಬರುತ್ತಿದೆ ಎಂಬ ನಂಬಿಕೆ, ಇಲ್ಲಿ ನನ್ನವರಿದ್ದಾರೆ ಎಂಬ ನೆಮ್ಮದಿ. ಪಂದ್ಯ ಮುಗಿಸಿ ಸ್ಕೂಟರ್ ಹತ್ತಿದ ಮಗುವಿಗೆ ‘ಗೆದ್ಯಾ? ಎಷ್ಟು ಹೊಡೆದೆ?’ ಎಂದು ಕೇಳುವ ಬದಲು ‘ಹೇಗಿತ್ತು? ಖುಷಿ ಆಯ್ತಾ?’ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡರೆ ಈ ಮೂರಕ್ಕೂ ನೀರೆರೆದಂತೆ. ತಾಂತ್ರಿಕ ತಿದ್ದುಪಡಿ ಕೋಚ್‌ಗೆ ಬಿಡಿ, ಅದೂ ಮರುದಿನಕ್ಕೆ.

ಕೆರೆ ಸುತ್ತುವವರ ಮನಸ್ಸು

ಪದಕದ ಹಂಗಿಲ್ಲದೆ ಆರೋಗ್ಯಕ್ಕಾಗಿ ನಡೆಯುವ ನಮ್ಮಂಥವರಿಗೂ ಇದೇ ವಿಜ್ಞಾನ ದುಡಿಯುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಮಟ್ಟ ಮುಟ್ಟಿರಲಿಲ್ಲ; ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42.

ವ್ಯಾಯಾಮ ಒಳ್ಳೆಯದೆಂದು ಎಲ್ಲರಿಗೂ ಗೊತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ಕಂದಕವನ್ನು ದಾಟಿಸುವ ಒಂದು ಉಪಾಯವನ್ನು ಜರ್ಮನಿಯ ಪೀಟರ್ ಗಾಲ್ವಿಟ್ಸರ್ ರೂಪಿಸಿದರು. ‘ನಾಳೆಯಿಂದ ವಾಕಿಂಗ್ ಹೋಗ್ತೀನಿ’ ಎಂಬ ಸಂಕಲ್ಪವನ್ನು ಜಾಗ, ಹೊತ್ತು, ಸನ್ನಿವೇಶಕ್ಕೆ ಕಟ್ಟಿಹಾಕುವುದು: ‘ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿದ ಕೂಡಲೇ ಷೂ ಹಾಕಿಕೊಂಡು ಕುಂದವಾಡ ಕೆರೆ ಏರಿಗೆ ಹೋಗುತ್ತೇನೆ. ಮಳೆ ಬಂದರೆ ಮನೆಯಲ್ಲೇ ಇಪ್ಪತ್ತು ನಿಮಿಷ ಸೂರ್ಯನಮಸ್ಕಾರ.’ ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮದ ಲಾಭಗಳ ಬಗ್ಗೆ ಓದಿದವರಲ್ಲಿ ಶೇ 35 ಮಂದಿ ಮಾತ್ರ ಆ ವಾರ ವ್ಯಾಯಾಮ ಮಾಡಿದರು. ಓದುವುದರ ಜೊತೆಗೆ ಎಲ್ಲಿ, ಯಾವಾಗ ಎಂದು ಬರೆದಿಟ್ಟವರಲ್ಲಿ ಶೇ 91 ಮಂದಿ ಮಾಡಿದರು.

ಎರಡನೆಯ ಗುಟ್ಟು ಬಿರುಸಿನದು. ಮೊದಲ ದಿನವೇ ಓಡಿ ಏದುಸಿರು ಬಿಟ್ಟವರು ವಾರದಲ್ಲಿ ನಿಲ್ಲಿಸುತ್ತಾರೆ. ಸೋಮಾರಿತನ ಇದಕ್ಕೆ ಕಾರಣವಲ್ಲ. ಉಸಿರು ಹಿಡಿತಕ್ಕೆ ಸಿಗದ ಮಟ್ಟ ದಾಟಿದಮೇಲೆ ವ್ಯಾಯಾಮ ಬಹುತೇಕ ಎಲ್ಲರಿಗೂ ಹಿಂಸೆಯೆನಿಸುತ್ತದೆ, ಹಿಂಸೆಯೆನಿಸಿದ್ದನ್ನು ಮನಸ್ಸು ಮುಂದೂಡುತ್ತದೆ ಎಂದು ಪ್ಯಾಂಟೆಲಿಸ್ ಎಕ್ಕೆಕಾಕಿಸ್ ಮುಂತಾದವರ ಸಂಶೋಧನೆ ತೋರಿಸಿದೆ. ಅಳತೆಗೋಲು ನಿಮ್ಮ ಬಾಯಲ್ಲೇ ಇದೆ. ನಡೆಯುತ್ತ ಮಾತಾಡಲು ಸಾಧ್ಯವಾಗಿ, ಹಾಡಲು ಕಷ್ಟವಾದರೆ ಬಿರುಸು ಸರಿಯಾಗಿದೆ. 2016ರಲ್ಲಿ ಎಕ್ಕೆಕಾಕಿಸ್ ಅವರೂ ಇದ್ದ ತಂಡ ಇನ್ನೊಂದು ಉಪಯುಕ್ತ ಸಂಗತಿ ಕಂಡುಕೊಂಡಿತು: ಶುರುವಿನಲ್ಲಿ ಬಿರುಸಾಗಿದ್ದು ಕೊನೆಗೆ ಹಗುರಾಗುತ್ತ ಹೋದ ವ್ಯಾಯಾಮ ನೆನಪಿನಲ್ಲಿ ಹಿತವಾಗಿ ಉಳಿಯುತ್ತದೆ. ಆದ್ದರಿಂದ ಮೈ ಬಿಸಿಯಾದಮೇಲೆ ಬಿರುಸಿನ ಸುತ್ತನ್ನು ಮೊದಲೇ ಮುಗಿಸಿ, ಕೊನೆಯ ಸುತ್ತನ್ನು ಹರಟುತ್ತ ನಡೆಯಿರಿ.

ಮೂರನೆಯದು ತಾಳ್ಮೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ, ಹೊಸ ನಡವಳಿಕೆ ತಾನಾಗಿ ನಡೆಯುವಂತಾಗಲು ಬೇಕಾದ ಕಾಲವನ್ನು ಅಂದಾಜು ಮಾಡಿದರು. ನಡುವಣ ಅಂಕಿ 66 ದಿನ; ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಮುರಿದುಬೀಳಲಿಲ್ಲ. ಮದುವೆ, ಹಬ್ಬ, ಜ್ವರ ಬಂದು ನಾಲ್ಕು ದಿನ ಬಿಟ್ಟವರು ‘ಎಲ್ಲ ಹಾಳಾಯ್ತು’ ಎನ್ನದೆ ಐದನೆಯ ದಿನ ಷೂ ಹಾಕಿಕೊಳ್ಳಬೇಕು.

ಏಪ್ರಿಲ್‌, ಮೇ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಸಂಕಲ್ಪಶಕ್ತಿಯನ್ನು ಪರೀಕ್ಷೆಗೊಡ್ಡುವ ಅಗತ್ಯವಿಲ್ಲ. ಹೊತ್ತು ಹುಟ್ಟುವ ಮುಂಚಿನ ವೇಳೆಗೆ ಯೋಜನೆ ಬದಲಿಸಿಕೊಳ್ಳಿ. ಹೆಂಗಸರ ವಿಷಯದಲ್ಲಿ ಅಡ್ಡಿ ಮನಸ್ಸಿನದಕ್ಕಿಂತ ಮನೆಗೆಲಸದ್ದು, ಬೀದಿ ದೀಪದ್ದು, ಜೊತೆಯದ್ದು. ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಒಂದೇ ಓಣಿಯ ನಾಲ್ಕು ಮಂದಿ ಹೊತ್ತು ಗೊತ್ತು ಮಾಡಿಕೊಂಡು ಹೊರಟರೆ ಸುರಕ್ಷತೆ, ಸಂಗ, ನೆನಪೋಲೆ ಮೂರೂ ಒಟ್ಟಿಗೆ ಸಿಗುತ್ತವೆ. ಬಾಗಿಲಲ್ಲಿ ಗೆಳತಿ ಕಾಯುತ್ತಿದ್ದರೆ ಹಾಸಿಗೆ ಬಿಡುವುದು ಸುಲಭ. ಹೆಂಗಸರು ನಡೆಯಲು ಹೋದ ಹೊತ್ತಿನ ಮನೆಗೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಪ್ರೋತ್ಸಾಹ ಬೇರೆ ಇಲ್ಲ.

ನಡಿಗೆಯ ಲಾಭ ಸಕ್ಕರೆ, ರಕ್ತದೊತ್ತಡಕ್ಕೆ ನಿಲ್ಲುವುದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂಥಾಲ್ ತಂಡ 156 ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ವಾರಗಳ ನಂತರ ವ್ಯಾಯಾಮದ ಗುಂಪು ಔಷಧದ ಗುಂಪಿನಷ್ಟೇ ಸುಧಾರಿಸಿತ್ತು. ವೈದ್ಯರು ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಿ ಎಂದು ಇದರ ಅರ್ಥವಲ್ಲ. ಮನಸ್ಸಿನ ಆರೈಕೆಯಲ್ಲಿ ನಡಿಗೆಗೂ ಗಣ್ಯ ಸ್ಥಾನವಿದೆ ಎಂದರ್ಥ.

ಅಭ್ಯಾಸದಿಂದ ಬಗೆಹರಿಯದ್ದು

ಕೆಲವನ್ನು ಉಸಿರಾಟ, ಸ್ವಗತಗಳಿಗೆ ಬಿಡಬಾರದು. ಎರಡು ವಾರಕ್ಕೂ ಮೀರಿ ನಿದ್ರೆ, ಊಟ, ಆಟ ಯಾವುದರಲ್ಲೂ ಮನಸ್ಸಿಲ್ಲದಿರುವುದು, ಬದುಕೇ ಬೇಡವೆನಿಸುವುದು, ಗಾಯ ವಾಸಿಯಾದಮೇಲೂ ಮೈದಾನಕ್ಕಿಳಿಯಲು ವಿಪರೀತ ಭಯ ಇಂಥವಕ್ಕೆ ತಜ್ಞರ ನೆರವು ಬೇಕು. ತೂಕದ ವಿಭಾಗಕ್ಕೆ ಹೊಂದಲು ಕುಸ್ತಿಪಟುಗಳು ನೀರು ಬಿಟ್ಟು, ಊಟ ಬಿಟ್ಟು ಮೈ ಇಳಿಸುವುದು ದೇಹದ ಜೊತೆ ಮನಸ್ಸನ್ನೂ ಕೆಡಿಸುತ್ತದೆ. ಸಿಡುಕು, ಮಂಕು, ಗಮನ ನಿಲ್ಲದಿರುವುದು ಅದರ ಗುರುತು. ಬೆಳೆಯುವ ಮಕ್ಕಳಲ್ಲಿ ಅದನ್ನು ಯಾವ ಕೋಚ್ ಕೂಡ ಪ್ರೋತ್ಸಾಹಿಸಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹತ್ತು ನಿಮಿಷದ ಪಾಠ

ದಾವಣಗೆರೆಯಲ್ಲಿ ಕುಸ್ತಿಗೆಂದೇ ಕ್ರೀಡಾ ವಸತಿನಿಲಯವಿದೆ, ಗರಡಿಮನೆಗಳಿವೆ, ದಾವಣಗೆರೆ, ಹರಿಹರ ಎರಡೂ ಊರುಗಳ ಶಾಲೆ ಕಾಲೇಜುಗಳಲ್ಲಿ ದೈಹಿಕ ಶಿಕ್ಷಕರಿದ್ದಾರೆ. ಪ್ರತಿ ತಂಡಕ್ಕೂ ಒಬ್ಬ ಕ್ರೀಡಾ ಮನೋವಿಜ್ಞಾನಿ ಬರುವವರೆಗೆ ಕಾಯಬೇಕಿಲ್ಲ. ದಿನದ ಅಭ್ಯಾಸದ ಕೊನೆಯ ಹತ್ತು ನಿಮಿಷವನ್ನು ಮನಸ್ಸಿಗೆ ಮೀಸಲಿಟ್ಟರೆ ಸಾಕು. ಮೊದಲ ವಾರ ಉಸಿರು. ಎರಡನೆಯ ವಾರ ಪ್ರತಿಯೊಬ್ಬರೂ ತಮ್ಮ ನಾಲ್ಕು ಹಂತದ ಕ್ರಮ ಕಟ್ಟಿಕೊಳ್ಳಲಿ. ಮೂರನೆಯ ವಾರ ಮನಸ್ಸಿನಲ್ಲೇ ಆಡುವುದು ಮತ್ತು ಮೂರು ಸಾಲಿನ ನೋಟ್‌ಬುಕ್. ನಾಲ್ಕನೆಯ ವಾರ ಗದ್ದಲದ ನಡುವೆ ಇವೆಲ್ಲವನ್ನೂ ಒಟ್ಟಿಗೆ. ಐದನೆಯ ವಾರದಿಂದ ಮತ್ತೆ ಮೊದಲಿನಿಂದ.

ಇದಕ್ಕೆ ಹೊಸ ಸಲಕರಣೆ ಬೇಡ, ಅನುದಾನ ಬೇಡ. ‘ನಿನಗೆ ಧೈರ್ಯ ಇಲ್ಲ’ ಎಂಬ ಮಾತನ್ನು ‘ನಿನಗೆ ಇದನ್ನು ಇನ್ನೂ ಕಲಿಸಿಲ್ಲ, ಬಾ ಕಲಿಯೋಣ’ ಎಂದು ಬದಲಿಸಿಕೊಳ್ಳಲು ಸಿದ್ಧರಿರುವ ಒಬ್ಬ ವಸ್ತಾದ, ಒಬ್ಬ ಟೀಚರ್, ಒಬ್ಬ ತಾಯಿ ಅಥವಾ ತಂದೆ ಇದ್ದರೆ ಸಾಕು. ಇವತ್ತಿನ ಸಂಜೆಯ ಅಭ್ಯಾಸದಿಂದಲೇ ಶುರು ಮಾಡಬಹುದು.